ಹಸುವಿನ ಗಿಣ್ಣಿಗೆ ಏಲಕ್ಕಿ, ಅಮ್ಮನ ಗಿಣ್ಣು ಬಚ್ಚಲಿಗೆ

ಭಾಗ 1/10

ಊರಲ್ಲಿ ಹಸು ಕರು ಹಾಕಿದ್ರೆ ಏನಾಗುತ್ತೆ ಹೇಳಿ? ಬೀದಿಗೆಲ್ಲ ಸುದ್ದಿ. "ಗಿಣ್ಣು ಹಾಲಿದ್ರೆ ನಮಗೂ ಒಂದು ಲೋಟ ಕಳ್ಸಿ" ಅಂತ ಮೂರನೇ ಮನೆಯವರು ಮೊದಲೇ ಹೇಳಿಟ್ಟಿರ್ತಾರೆ. ಬೆಲ್ಲ ಹಾಕಿ, ಏಲಕ್ಕಿ ಕುಟ್ಟಿ, ಹಬೆಯಲ್ಲಿ ಬೇಯಿಸಿ, ತಣ್ಣಗಾದ ಮೇಲೆ ಕುಯ್ದು ತಟ್ಟೆಗೆ ಹಾಕಿದ್ರೆ ಜಗಳ ಗ್ಯಾರಂಟಿ. ನಾನೂ ಜಗಳ ಆಡಿದವಳೇ.

ಆದ್ರೆ ಒಂದು ವಿಷಯ ಗಮನಿಸಿ. ಕರುವಿಗೆ ಕುಡಿಸದೆ ಬುದ್ಧಿ ಇರೋ ಯಾವ ರೈತನೂ ಗಿಣ್ಣು ಕರೆದುಕೊಳ್ಳಲ್ಲ. ಕರು ಎದ್ದು ನಿಲ್ಲೋದನ್ನೇ ಕಾದು, ಬಾಯಿಗೆ ಕೆಚ್ಚಲು ಕೊಟ್ಟು, ಆಮೇಲೆ ನಮ್ಮ ಪಾಲು.

ಈಗ ಅದೇ ಮನೆಯ ಮಗಳು ಹೆತ್ತಳು ಅಂದುಕೊಳ್ಳಿ. ಅವಳಿಗೆ ಬರೋ ಮೊದಲ ಹಾಲೂ ಗಿಣ್ಣೇ. ಹಳದಿ, ದಪ್ಪ, ಸ್ವಲ್ಪವೇ ಸ್ವಲ್ಪ. ಅದನ್ನ ನೋಡಿ ನಾವು ಏನಂತೀವಿ? "ಅದು ಕೆಟ್ಟ ಹಾಲು, ಹಿಂಡಿ ಚೆಲ್ಲು. ಒಳ್ಳೆ ಹಾಲು ಮೂರನೇ ದಿನಕ್ಕೆ ಇಳಿಯುತ್ತೆ."

ಹಸುವಿನ ಕೊಟ್ಟಿಗೆಯಲ್ಲಿ ಇರೋ ವಿವೇಕ ಬಾಣಂತಿ ಕೋಣೆಯಲ್ಲಿ ಯಾಕಿಲ್ಲ? ಈ ಸರಣಿ ಪೂರ್ತಿ ಇದೊಂದೇ ಪ್ರಶ್ನೆ. ಸ್ವಲ್ಪ ಖಾರವಾಗೇ ಇರುತ್ತೆ. ಓದಿ.

ಭಾಗ 2/10

ಮೊದಲು ನನ್ನ ತಪ್ಪು ಒಪ್ಕೋತೀನಿ. ಆಮೇಲೆ ಬೇರೆಯವರಿಗೆ ಬೈಯೋಣ.

ನಮ್ಮಕ್ಕನಿಗೆ ಸಿಸೇರಿಯನ್ ಆಯ್ತು. ಯಾವ ಆಸ್ಪತ್ರೆ ಅಂತ ಹೇಳಲ್ಲ, ಯಾಕಂದ್ರೆ ಇದು ಒಂದು ಆಸ್ಪತ್ರೆಯ ಕಥೆ ಅಲ್ಲ. ಕಾರಿಡಾರಲ್ಲಿ ಅಮ್ಮ, ಅಜ್ಜಿ, ಭಾವ, ನಾನು. ಅರ್ಧ ಗಂಟೆ ಆದ್ಮೇಲೆ ಸಿಸ್ಟರ್ ಹೊರಗೆ ಬಂದು ಮಗು ತೋರಿಸಿ, ಕೈಗೆ ಒಂದು ಚೀಟಿ ಕೊಟ್ರು. "ತಾಯಿಗೆ ಹಾಲು ಇಳಿದಿಲ್ಲ, ಕೆಳಗೆ ಮೆಡಿಕಲ್‌ನಲ್ಲಿ ಈ ಡಬ್ಬಿ ತನ್ನಿ."

ಆ ಚೀಟಿ ಹಿಡಿದಿದ್ದು ನಾನು. ಅದಕ್ಕೆ ಸರಿಯಾಗಿ ಎರಡು ವಾರ ಮುಂಚೆ ನಾನು ಇಮ್ಯುನಾಲಜಿ ಪೇಪರ್ ಬರೆದಿದ್ದೆ. ಸೆಕ್ರೆಟರಿ ಐಜಿಎ ಬಗ್ಗೆ ಪ್ರಶ್ನೆ ಬಂದಿತ್ತು. ಚಿತ್ರ ಬಿಡಿಸಿ, ಭಾಗ ಗುರುತಿಸಿ, "ಮೊದಲ ಹಾಲಿನಲ್ಲಿ ಹೇರಳವಾಗಿರುತ್ತದೆ" ಅಂತ ಅಡಿಗೆರೆ ಎಳೆದು ಬರೆದಿದ್ದೆ. ಒಳ್ಳೆ ಮಾರ್ಕ್ಸೂ ಬಂತು.

ಆವತ್ತು ಕಾರಿಡಾರಲ್ಲಿ "ಹಾಲು ಇಳಿದಿಲ್ಲ ಅಂತ ಹೇಗೆ ಗೊತ್ತು? ಎದೆಗೆ ಹಾಕಿ ನೋಡಿದ್ರಾ?" ಅಂತ ಕೇಳೋಕೆ ನನ್ನ ಬಾಯಿ ಬರಲಿಲ್ಲ. ಸುಮ್ನೆ ಚೀಟಿ ಭಾವನಿಗೆ ಕೊಟ್ಟೆ. ಅವ್ರು ಓಡಿದ್ರು. ಒಳಗೆ ಅಕ್ಕ ಎಚ್ಚರವಾಗೇ ಇದ್ಲು. ಬೆನ್ನಿಗೆ ಕೊಟ್ಟ ಇಂಜೆಕ್ಷನ್, ಪೂರ್ತಿ ಪ್ರಜ್ಞೆ. "ಮಗು ಎಲ್ಲಿ" ಅಂತ ಕೇಳ್ತಾನೇ ಇದ್ಲಂತೆ.

ಪರೀಕ್ಷೆಯಲ್ಲಿ ಬರೆದ ಉತ್ತರ ಕಾರಿಡಾರಲ್ಲಿ ಬಾಯಿಗೆ ಬರಲಿಲ್ಲ ಅಂದ್ರೆ ಆ ಓದು ಯಾರಿಗೆ? ಇದು ನನಗೆ ನಾನೇ ಕೇಳಿಕೊಂಡ ಪ್ರಶ್ನೆ. ಕ್ಲಾಸ್‌ಮೇಟ್ಸ್, ನಿಮಗೂ ಕೇಳ್ತಿದ್ದೀನಿ.

ಭಾಗ 3/10

ಈಗ ವಿಷಯಕ್ಕೆ ಬರೋಣ. ಹುಟ್ಟಿದ ಮಗುವಿನ ಗಂಟಲಲ್ಲಿ ಏನು ನಡೀತಿರುತ್ತೆ?

ಹೊಟ್ಟೆಯೊಳಗೆ ಇದ್ದಾಗ ಆ ಬಾಯಿ, ಮೂಗು, ಗಂಟಲು ಹೆಚ್ಚುಕಡಿಮೆ ಖಾಲಿ ಸೈಟು. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾ ಬಂದು ಇಳಿಯೋಕೆ ಶುರು. ಅಮ್ಮನ ಮೈಯಿಂದ, ಹೆರಿಗೆ ದಾರಿಯಿಂದ, ಹಾಲಿನಿಂದ, ಎತ್ತಿಕೊಂಡವರ ಕೈಯಿಂದ, ಆಸ್ಪತ್ರೆ ಗಾಳಿಯಿಂದ. ಮೊದಲು ಬರೋರಲ್ಲಿ ಸ್ಟ್ರೆಪ್ಟೊಕಾಕಸ್ ಸಲೈವೇರಿಯಸ್, ಸ್ಟ್ರೆಪ್ಟೊಕಾಕಸ್ ಮೈಟಿಸ್ ತರದ ಸಾಧು ಜಾತಿಯವೂ ಇರುತ್ತವೆ. ಅವು ಜಾಗ ಹಿಡಿದು ಕೂತರೆ ಒಳ್ಳೇದೇ. ಆದ್ರೆ ಜೊತೆಗೆ ಸ್ಟ್ಯಾಫಿಲೊಕಾಕಸ್ ಆರಿಯಸ್, ಮುಂದೆ ನ್ಯುಮೊಕಾಕಸ್, ಹೀಮೊಫಿಲಸ್ ಇನ್ಫ್ಲುಯೆಂಝೆ ಕೂಡ ಬಾಗಿಲು ತಟ್ಟುತ್ತವೆ.

ಬ್ಯಾಕ್ಟೀರಿಯಾ ಗಂಟಲಲ್ಲಿ ಇದ್ದ ಮಾತ್ರಕ್ಕೆ ಕಾಯಿಲೆ ಅಲ್ಲ. ನಮ್ಮೆಲ್ಲರ ಗಂಟಲಲ್ಲೂ ಇವೆ. ತೊಂದರೆ ಶುರುವಾಗೋದು ಅವು ಗಟ್ಟಿಯಾಗಿ ಅಂಟಿಕೊಂಡು, ಹೆಚ್ಚಾಗಿ, ಒಳಗೆ ನುಗ್ಗಿದಾಗ. ಮಗುವಿನ ಗಂಟಲಿಂದ ಕಿವಿಗೆ ಹೋಗೋ ಕೊಳವೆ ದೊಡ್ಡವರದ್ದಕ್ಕಿಂತ ಗಿಡ್ಡ, ಹೆಚ್ಚು ಅಡ್ಡಡ್ಡ. ಅದಕ್ಕೇ ಮಕ್ಕಳಿಗೆ ಶೀತ ಆದ್ರೆ ಬೆನ್ನಿಗೇ ಕಿವಿ ಸೋರೋದು. ಗಂಟಲಿಂದ ಕೆಳಗಿಳಿದ್ರೆ ನ್ಯುಮೋನಿಯಾ. ರಕ್ತಕ್ಕೆ ಹೋದ್ರೆ ಸೆಪ್ಸಿಸ್.

ಇಷ್ಟೆಲ್ಲ ನಡೆಯೋ ಜಾಗಕ್ಕೆ ಮಗುವಿನ ಸ್ವಂತ ಕಾವಲು ಎಷ್ಟು? ಹುಟ್ಟಿದಾಗ ಅದರ ಎಂಜಲಲ್ಲಿ ಸೆಕ್ರೆಟರಿ ಐಜಿಎ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದು ತಯಾರಾಗೋಕೆ ವಾರಗಳು, ತಿಂಗಳುಗಳು ಬೇಕು.

ಭಾಗ 4/10

ಆ ಖಾಲಿ ಜಾಗಕ್ಕೆ ಕಾವಲು ಕಳಿಸೋದು ಯಾರು? ಅಮ್ಮ. ಹೇಗೆ? ಹಾಲಲ್ಲಿ.

ಅಮ್ಮನ ಕರುಳಿಗೋ ಶ್ವಾಸನಾಳಕ್ಕೋ ಒಂದು ರೋಗಾಣು ಬಂತು ಅಂದ್ಕೊಳ್ಳಿ. ಅಲ್ಲಿ ಅದನ್ನ ಗುರುತು ಹಿಡಿದ ಬಿ ಕೋಶಗಳು ರಕ್ತದಲ್ಲಿ ಪ್ರಯಾಣ ಮಾಡಿ ಎದೆಯ ಗ್ರಂಥಿಗೆ ಬಂದು ಕೂರ್ತವೆ. ಅಲ್ಲಿ ಅದೇ ರೋಗಾಣುವಿನ ವಿರುದ್ಧ ಐಜಿಎ ತಯಾರಿಸಿ ಹಾಲಿಗೆ ಬಿಡ್ತವೆ. ಅಂದ್ರೆ ಆ ಮನೆ, ಆ ಬೀದಿ, ಆ ವಾರ್ಡಲ್ಲಿ ಯಾವ ರೋಗಾಣು ಓಡಾಡ್ತಿದೆಯೋ ಅದಕ್ಕೆ ತಕ್ಕ ಆಂಟಿಬಾಡಿ. ಯಾವ ಕಾರ್ಖಾನೆಯೂ ನಿಮ್ಮ ಬೀದಿ ನೋಡಿ ಡಬ್ಬಿ ತುಂಬಲ್ಲ.

ಈ ಐಜಿಎ ಬ್ಯಾಕ್ಟೀರಿಯಾನ ಸುತ್ತಿಕೊಂಡು ಗಂಟಲ ಕೋಶಕ್ಕೆ ಅಂಟದ ಹಾಗೆ ಮಾಡುತ್ತೆ. ಅಂಟದ್ದು ನುಂಗಿ ಹೊಟ್ಟೆಗೆ ಹೋಗುತ್ತೆ. ಉರಿಯೂತ ಇಲ್ಲ, ಗಲಾಟೆ ಇಲ್ಲ. 1986ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದನ್ನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದ್ರು. ಲಾರ್ಸ್ ಹ್ಯಾನ್ಸನ್ ಅವರೂ ಆ ತಂಡದಲ್ಲಿದ್ದರು, ಹಾಲಿನ ಐಜಿಎ ಬಗ್ಗೆ 1960ರ ದಶಕದಿಂದಲೇ ಕೆಲಸ ಮಾಡಿದವರು. ಮನುಷ್ಯರ ಗಂಟಲ ಕೋಶಗಳ ಜೊತೆ ನ್ಯುಮೊಕಾಕಸ್, ಹೀಮೊಫಿಲಸ್ ಬೆರೆಸಿ, ತಾಯಿಹಾಲು ಹಾಕಿದಾಗ ಅಂಟಿಕೊಳ್ಳೋದು ಕಡಿಮೆ ಆಯ್ತು. ನ್ಯುಮೊಕಾಕಸ್ ವಿಷಯದಲ್ಲಿ ಹಾಲಿನ ಸಕ್ಕರೆ ಅಣುಗಳೂ ಅದೇ ಕೆಲಸ ಮಾಡಿದ್ವು. ಅವು ಕೋಶದ ಮೇಲಿನ ಕೊಂಡಿಯಂತೆ ವೇಷ ಹಾಕಿ ಬ್ಯಾಕ್ಟೀರಿಯಾಗೆ ಟೋಪಿ ಹಾಕ್ತವೆ.

2015ರಲ್ಲಿ ಆಸ್ಟ್ರೇಲಿಯಾದಿಂದ ಇನ್ನೊಂದು ಸಂಗತಿ ಬಂತು. ಎಳೆ ಮಗುವಿನ ಎಂಜಲಲ್ಲಿ ಹೈಪೊಕ್ಸಾಂಥಿನ್ ಅನ್ನೋ ವಸ್ತು ಜಾಸ್ತಿ ಇರುತ್ತೆ. ತಾಯಿಹಾಲಲ್ಲಿ ಕ್ಸಾಂಥಿನ್ ಆಕ್ಸಿಡೇಸ್ ಕಿಣ್ವ ಇರುತ್ತೆ. ಎರಡೂ ಬಾಯಲ್ಲಿ ಸೇರಿದ್ರೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತೆ. ಹೌದು, ಗಾಯ ತೊಳೆಯೋಕೆ ಹಾಕ್ತಾರಲ್ಲ, ಅದೇ, ಅತಿ ಸಣ್ಣ ಪ್ರಮಾಣದಲ್ಲಿ. ಹಾಲು ಅಮ್ಮನದ್ದು, ಎಂಜಲು ಮಗುವಿನದ್ದು, ಔಷಧ ಇಬ್ಬರದ್ದು.

ಭಾಗ 5/10

"ಇದೆಲ್ಲ ಹೊಸ ಸಂಶೋಧನೆ, ನಾಳೆ ಬದಲಾಗುತ್ತೆ" ಅನ್ನೋರಿಗೆ ಗುಲಗಂಜಿ ಕಥೆ.

ಗುಲಗಂಜಿ ಗೊತ್ತಲ್ಲ, ಕೆಂಪು ಕಾಳು, ಮೇಲೊಂದು ಕಪ್ಪು ಚುಕ್ಕಿ, ಚಿನ್ನ ತೂಗ್ತಿದ್ದದ್ದು. ಅದರೊಳಗೆ ಆಬ್ರಿನ್ ಅನ್ನೋ ವಿಷ ಇದೆ. 1890ರ ದಶಕದ ಶುರುವಿನಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಇಲಿಗಳಿಗೆ ಗುಲಗಂಜಿ ವಿಷ, ಹರಳು ಬೀಜದ ವಿಷ ಸ್ವಲ್ಪ ಸ್ವಲ್ಪವೇ ಕೊಡ್ತಾ ತಡೆದುಕೊಳ್ಳೋ ಶಕ್ತಿ ಬರಿಸಿದ್ರು. ಆಮೇಲೆ ಮರಿಗಳನ್ನ ಅದಲು ಬದಲು ಮಾಡಿದ್ರು. ಸಾಮಾನ್ಯ ತಾಯಿಯ ಮರಿ, ಶಕ್ತಿ ಇರೋ ಇಲಿಯ ಹಾಲು ಕುಡೀತು. ಆ ಮರಿಗೂ ಶಕ್ತಿ ಬಂತು. 1892ರಲ್ಲಿ ಇದನ್ನ ಪ್ರಕಟಿಸಿದ್ರು. ರಕ್ಷಣೆ ಹಾಲಲ್ಲೂ ಹೋಗುತ್ತೆ ಅನ್ನೋದು 130 ವರ್ಷಕ್ಕಿಂತ ಹಳೇ ಮಾತು.

ಆದ್ರೆ ನಾವು ಸೈನ್ಸ್ ವಿದ್ಯಾರ್ಥಿಗಳು, ಇಲಿ, ಹಸು, ಮನುಷ್ಯ ಎಲ್ಲ ಒಂದೇ ಅಂತ ಹೇಳಬಾರದು. ಹಸುವಿನ ಮಾಸು ಆಂಟಿಬಾಡಿಗಳನ್ನ ಕರುವಿಗೆ ದಾಟಿಸಲ್ಲ. ಕರು ಹುಟ್ಟೋದು ಬರಿಗೈಯಲ್ಲಿ, ಗಿಣ್ಣಿನಿಂದಲೇ ಎಲ್ಲ ರಕ್ತಕ್ಕೆ ಸೇರಬೇಕು. ಮನುಷ್ಯರಲ್ಲಿ ಐಜಿಜಿ ಅನ್ನೋ ಆಂಟಿಬಾಡಿ ಗರ್ಭದಲ್ಲೇ ಮಗುವಿನ ರಕ್ತಕ್ಕೆ ಬಂದಿರುತ್ತೆ. ಹಾಲಿನ ಐಜಿಎ ರಕ್ತಕ್ಕೆ ಹೋಗಲ್ಲ ಅಂತಾನೇ ಹೇಳಬಹುದು, ಬಾಯಿ, ಗಂಟಲು, ಕರುಳಿನ ಮೇಲೆ ನಿಂತು ಕೆಲಸ ಮಾಡುತ್ತೆ.

"ಹಾಗಾದ್ರೆ ರಕ್ತದಲ್ಲಿ ಇದ್ದೇ ಇದೆಯಲ್ಲ, ಹಾಲು ಯಾಕೆ?" ಅಂದ್ರೆ, ಮನೆಯೊಳಗೆ ದೊಣ್ಣೆ ಇದೆ ಅಂತ ಬಾಗಿಲು ತೆಗೆದಿಟ್ಟು ಮಲಗ್ತೀರಾ?

ಭಾಗ 6/10

ಈಗ ಅಜ್ಜಿಯ ಸರದಿ. ಅಜ್ಜಿ ಮೇಲೆ ಪ್ರೀತಿ ಇದೆ, ಆದ್ರೂ ಹೇಳ್ಬೇಕು.

ಮೊದಲ ಹಾಲು ಚೆಲ್ಲಿ, ಮೂರು ದಿನ ಮಗುವಿಗೆ ಕೊಡೋದೇನು? ಜೇನುತುಪ್ಪ. ಸಕ್ಕರೆ ನೀರು. ತೇಯ್ದ ಬಜೆ. ಹರಳೆಣ್ಣೆ. ಕೆಲವು ಕಡೆ ಬೀದಿಯಲ್ಲಿ ಕೂಗಿಕೊಂಡು ಬರೋ ಕತ್ತೆ ಹಾಲು. ಒಳಲೆಯಲ್ಲಿ ಹಾಕಿ, ಪ್ರೀತಿಯಿಂದ, ದೇವರ ಹೆಸರು ಹೇಳಿ.

ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಬೀಜಕಣಗಳು ಇರಬಹುದು. ನಮಗೆ ಏನೂ ಆಗಲ್ಲ. ಎಳೆ ಕರುಳಲ್ಲಿ ಅವು ಮೊಳೆತು ವಿಷ ಬಿಡಬಹುದು, ಮಗುವಿನ ಸ್ನಾಯುಗಳು ಸೋತು ಹೋಗ್ತವೆ. ಅದಕ್ಕೇ ಒಂದು ವರ್ಷ ತುಂಬೋವರೆಗೂ ಜೇನು ಬೇಡ ಅಂತ ಮಕ್ಕಳ ಡಾಕ್ಟರ್‌ಗಳು ಹೇಳೋದು. ಇನ್ನು ತೇಯೋ ಕಲ್ಲು, ಆ ನೀರು, ಆ ಬೆರಳು. ಕಾವಲುಗಾರನನ್ನ ಬಚ್ಚಲಿಗೆ ಚೆಲ್ಲಿ, ಅದೇ ಗಂಟಲಿಗೆ ನಮ್ಮ ಕೈಯಿಂದಲೇ ಕಳ್ಳನನ್ನ ಒಳಗೆ ಬಿಡೋದು ಅಂದ್ರೆ ಇದೇ.

ಅಜ್ಜಿಗೆ ಇದನ್ನ ಹೇಳಿದಾಗ ಬಂದ ಉತ್ತರ ನಿಮ್ಮ ಮನೆಯಲ್ಲೂ ಬರುತ್ತೆ. "ನಿಮ್ಮಮ್ಮನಿಗೂ ಜೇನು ನೆಕ್ಕಿಸಿದ್ದೆ, ಬದುಕಿಲ್ವೇನೇ?"

ನಾನು ಕೇಳ್ದೆ, "ಅಜ್ಜಿ, ನೀವು ಹೆತ್ತಿದ್ದು ಎಷ್ಟು?"

"ಏಳು."

"ಉಳಿದಿದ್ದು?"

ಅಜ್ಜಿ ಮಾತಾಡಲಿಲ್ಲ. ಐದು. ಆ ಎರಡು ಯಾಕೆ ಹೋದ್ವು ಅಂತ ಯಾರಿಗೂ ಗೊತ್ತಿಲ್ಲ, ಜೇನಿನಿಂದಲೇ ಅಂತ ನಾನು ಹೇಳಲ್ಲ, ಹೇಳಬಾರದು. ಆದ್ರೆ "ನಾವು ಬದುಕಿಲ್ವಾ" ಅಂತ ಹೇಳೋಕೆ ಬದುಕಿದವರು ಮಾತ್ರ ಇರ್ತಾರೆ. ಹೋದವರು ಬಂದು ವಾದ ಮಾಡಲ್ಲ.

ಭಾಗ 7/10

ಅಜ್ಜಿಗೆ ಬೈದು ಮುಗಿಸೋದು ಸುಲಭ. ರೀಲ್ಸ್ ಎಲ್ಲ ಅಲ್ಲೇ ನಿಲ್ಲುತ್ತೆ. ನಾನು ನಿಲ್ಲಿಸಲ್ಲ, ಯಾಕಂದ್ರೆ ಅಂಕಿ ಬೇರೆ ಕಥೆ ಹೇಳುತ್ತೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. 2015-16ರಲ್ಲಿ ದೇಶದಲ್ಲಿ ಆಸ್ಪತ್ರೆಯಲ್ಲಿ ಆದ ಹೆರಿಗೆ ಶೇ. 78.9. 2019-21ರಲ್ಲಿ ಶೇ. 88.6. ಭೇಷ್. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು? ಆಗ ಶೇ. 41.6. 2019-21ರಲ್ಲಿ ಶೇ. 41.8.

ಇನ್ನೊಂದ್ಸಲ ಓದಿ. ಹೆರಿಗೆಯೆಲ್ಲ ಅಜ್ಜಿಯ ಕೋಣೆಯಿಂದ ಡಾಕ್ಟರ್ ಕೋಣೆಗೆ ಬಂತು, ಮೊದಲ ಗಂಟೆ ಮಾತ್ರ ಅಲ್ಲೇ ನಿಂತಿದೆ. ಹತ್ತರಲ್ಲಿ ಒಂಬತ್ತು ಮಕ್ಕಳು ನರ್ಸು, ಡಾಕ್ಟರ್ ಇರೋ ಕಡೆ ಹುಟ್ಟುತ್ತಿರುವಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆ ಗಂಟೆ ತಪ್ಪಿದ್ರೆ, ತಪ್ಪು ಅಜ್ಜಿಯದ್ದು ಮಾತ್ರ ಅಂತ ಹೇಗೆ ಹೇಳ್ತೀರಿ?

ಒಂದು ಗಂಟೆಗೆ ಅಷ್ಟೊಂದು ಬೆಲೆಯಾ? ಘಾನಾ ದೇಶದ ಹಳ್ಳಿಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕ ಇದು: ಎಲ್ಲ ಮಕ್ಕಳಿಗೂ ಮೊದಲ ದಿನವೇ ಎದೆಹಾಲು ಶುರು ಮಾಡಿದ್ರೆ ಮೊದಲ ತಿಂಗಳ ಸಾವುಗಳಲ್ಲಿ ಶೇ. 16 ತಪ್ಪಿಸಬಹುದು. ಮೊದಲ ಗಂಟೆಯಲ್ಲೇ ಶುರು ಮಾಡಿದ್ರೆ ಶೇ. 22.

ಸಿಸೇರಿಯನ್ ಅನ್ನೋದು ನೆಪ. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ತಾಯಿ ಎಚ್ಚರ ಇರ್ತಾಳೆ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ರೆ, ಒಬ್ಬರು ಪಕ್ಕದಲ್ಲಿ ನಿಂತು ಮಗುವನ್ನ ಹಿಡಿದ್ರೆ ಸಾಕು. ಆ ಒಬ್ಬರು ಇರಲ್ಲ. ಒಬ್ಬ ಸಿಸ್ಟರ್‌ಗೆ ಹತ್ತಾರು ಬಾಣಂತಿಯರು. ಆ ಸಿಸ್ಟರ್ ಮೇಲೂ ನನಗೆ ಕೋಪ ಇಲ್ಲ. ಅವರಿಗೆ ಜನ ಕೊಡದವರ ಮೇಲೆ ಇದೆ.

ಭಾಗ 8/10

ಈಗ ಡಬ್ಬಿ.

"ಹಾಲು ಇಳಿದಿಲ್ಲ" ಅನ್ನೋ ಎರಡು ಪದ ನಮ್ಮ ದೇಶದಲ್ಲಿ ಎಷ್ಟು ಡಬ್ಬಿ ಮಾರಿರಬಹುದು! ಮೊದಲ ದಿನ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಬೇಕಾಗೋದು ಚಮಚದ ಲೆಕ್ಕ. ಗಿಣ್ಣು ಬರೋದೂ ಚಮಚದ ಲೆಕ್ಕ. ಹಾಲು ತುಂಬಿ ಬರೋದು ಎರಡರಿಂದ ನಾಲ್ಕನೇ ದಿನಕ್ಕೆ. ಅದು ಕೊರತೆ ಅಲ್ಲ, ಅದು ಇರೋದೇ ಹಾಗೆ. ಮಗು ಚೀಪಿದಷ್ಟೂ ಹಾಲು ಬರುತ್ತೆ. ಡಬ್ಬಿ ಕುಡಿದು ಮಲಗಿದ ಮಗು ಚೀಪಲ್ಲ. ಚೀಪದಿದ್ರೆ ಹಾಲು ಬರಲ್ಲ. ಹಾಲು ಬರದಿದ್ರೆ ಇನ್ನೊಂದು ಡಬ್ಬಿ. ಚಕ್ರ ನೋಡಿದ್ರಾ?

ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ: ನಮ್ಮ ದೇಶದಲ್ಲಿ 1992ರಿಂದ ಕಾನೂನಿದೆ, 2003ರಲ್ಲಿ ಇನ್ನೂ ಬಿಗಿ ಮಾಡಿದ್ರು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಆಹಾರ, ಹಾಲಿನ ಬಾಟಲಿಗೆ ಜಾಹೀರಾತು ಹಾಕೋ ಹಾಗಿಲ್ಲ. ಉಚಿತ ಸ್ಯಾಂಪಲ್ ಇಲ್ಲ, ಆಸ್ಪತ್ರೆಯಲ್ಲಿ ಪೋಸ್ಟರ್ ಇಲ್ಲ, ಆರೋಗ್ಯ ಸಿಬ್ಬಂದಿಗೆ ಉಡುಗೊರೆ ಇಲ್ಲ. ಹಾಲಿನ ಪುಡಿಯ ಡಬ್ಬಿ ಮೇಲೆ ಮಗುವಿನ ಚಿತ್ರ ಕೂಡ ಇರಬಾರದು.

ಟಿವಿಯಲ್ಲಿ ಇಲ್ಲ, ನಿಜ. ನಿಮ್ಮ ಫೀಡಲ್ಲಿ? ಮುದ್ದಾದ ಮಗು, ಬೆಳ್ಳಗಿನ ಅಡುಗೆಮನೆ, "ನನ್ನ ಪಾಪುವಿಗೆ ನಾನು ಕೊಡೋದು ಇದೇ", ಕೆಳಗೆ ಡಿಸ್ಕೌಂಟ್ ಕೋಡ್. ಅದಕ್ಕೆ ಹಾರ್ಟ್ ಒತ್ತೋದು ನಾವೇ. ಎಲೆಕ್ಟ್ರಾನಿಕ್ ಮಾಧ್ಯಮಕ್ಕೂ ಆ ಕಾನೂನು ಅನ್ವಯಿಸುತ್ತೆ ಕಣ್ರೀ. ಮುಂದಿನ ಸಲ ಕಂಡ್ರೆ ಹಾರ್ಟ್ ಅಲ್ಲ, ರಿಪೋರ್ಟ್.

ಭಾಗ 9/10

ಕಾಮೆಂಟಲ್ಲಿ ಬರೋ ಪ್ರಶ್ನೆಗಳಿಗೆ ಮುಂಚೇನೇ ಉತ್ತರ.

"ಕುಡಿಸೋಕೆ ಆಗದ ತಾಯಂದಿರು ಏನ್ ಮಾಡ್ಬೇಕು? ನೀನು ಅವರನ್ನ ಅವಮಾನ ಮಾಡ್ತಿದ್ದೀಯ." ಇಲ್ಲ. ಕೆಲವರಿಗೆ ನಿಜವಾಗ್ಲೂ ಆಗಲ್ಲ. ಕಾಯಿಲೆ, ಔಷಧ, ತೀರಾ ಮುಂಚೆ ಹುಟ್ಟಿದ ಮಗು. ಹಿಂಡಿದ ಹಾಲು ಕೊಡಬಹುದು, ತಾಯಿಹಾಲಿನ ಬ್ಯಾಂಕ್ ಇದ್ರೆ ಅಲ್ಲಿಂದ ತರಬಹುದು. ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅಂಥ ಬ್ಯಾಂಕನ್ನ 1989ರಲ್ಲೇ ಶುರು ಮಾಡಿದ್ರು. ಅದೂ ಆಗದಿದ್ರೆ ಡಾಕ್ಟರ್ ಹೇಳಿದ ಹಾಗೆ ಡಬ್ಬಿ ಹಾಲು, ನಾಚಿಕೆ ಇಲ್ಲದೆ. ನನ್ನ ಜಗಳ ಬೇಕಾದವರಿಗೆ ಡಬ್ಬಿ ಕೊಡೋದರ ಮೇಲಲ್ಲ. ಎದೆಗೆ ಹಾಕಿ ನೋಡೋ ಮುಂಚೆನೇ ಚೀಟಿ ಬರೆಯೋದರ ಮೇಲೆ.

"ತಾಯಿಹಾಲು ಕುಡಿದ್ರೆ ಲಸಿಕೆ ಬೇಡ ಅಲ್ವಾ?" ಬೇಕು, ಬೇಕು, ಬೇಕು. ಹುಟ್ಟಿದಾಗ ಕೊಡೋ ಲಸಿಕೆಗಳಿವೆ. ಹೀಮೊಫಿಲಸ್ ಬಿ, ನ್ಯುಮೊಕಾಕಸ್ ಲಸಿಕೆ ಶುರುವಾಗೋದು ಆರನೇ ವಾರಕ್ಕೆ. ಆ ಆರು ವಾರದ ಖಾಲಿಯಲ್ಲಿ ಗಂಟಲು ಕಾಯೋದು ಹಾಲು. ಹಾಲು ಲಸಿಕೆಯ ಬದಲಿ ಅಲ್ಲ, ಲಸಿಕೆ ಹಾಲಿನ ಬದಲಿ ಅಲ್ಲ. ಹಾಲು ಕುಡಿದ ಮಗುವಿಗೆ ಕಾಯಿಲೆಯೇ ಬರಲ್ಲ ಅಂತಲೂ ಅಲ್ಲ. ಬರೋದು ಕಡಿಮೆ, ಬಂದರೂ ಸಾಮಾನ್ಯವಾಗಿ ಜೋರು ಕಡಿಮೆ.

"ಕೆಲಸಕ್ಕೆ ಹೋಗೋರು?" ಇದೇ ನಿಜವಾದ ಪ್ರಶ್ನೆ. ಆರು ತಿಂಗಳು ಬರೀ ಎದೆಹಾಲು ಅಂತ ಸರ್ಕಾರವೇ ಹೇಳುತ್ತೆ. 2017ರಲ್ಲಿ 26 ವಾರ ಸಂಬಳದ ರಜೆ ಅಂತಲೂ ಮಾಡಿತು. ಆದ್ರೆ ಗಾರೆ ಕೆಲಸದವಳಿಗೆ, ಮನೆಗೆಲಸದವಳಿಗೆ, ಕೂಲಿಯವಳಿಗೆ ಯಾವ ರಜೆ? ಅವಳಿಗೆ "ತಾಯಿಹಾಲು ಅಮೃತ" ಅಂತ ಪೋಸ್ಟರ್ ತೋರಿಸಿ, ಮರುತಿಂಗಳೇ ಇಟ್ಟಿಗೆ ಹೊರೋಕೆ ಕಳಿಸೋ ಸಮಾಜಕ್ಕೆ ಅಮೃತದ ಬಗ್ಗೆ ಮಾತಾಡೋ ಯೋಗ್ಯತೆ ಇಲ್ಲ.

ಭಾಗ 10/10

ಅಕ್ಕನ ಕಥೆ ಮುಗಿಸ್ತೀನಿ. ಮೂರನೇ ದಿನ ಪಕ್ಕದ ಬೆಡ್‌ನ ಬಾಣಂತಿಯ ಅತ್ತೆ ಬಂದು, ದಿಂಬು ಇಟ್ಟು, ಮಗುವಿನ ತಲೆ ಹಿಡಿದು ಹೇಗೆ ಕುಡಿಸೋದು ಅಂತ ತೋರಿಸಿದ್ರು. ಹತ್ತು ನಿಮಿಷದ ಕೆಲಸ. ಮಗು ಕುಡೀತು. ಅಕ್ಕ ಅತ್ತಳು. ಐದನೇ ತಿಂಗಳಲ್ಲಿ ಅವನಿಗೆ ಕಿವಿ ಸೋರಿತು. ಅದು ಆ ಮೂರು ದಿನದಿಂದ ಅಂತ ನಾನು ಹೇಳೋಕೆ ಆಗಲ್ಲ. ಒಂದು ಮಗುವಿನಿಂದ ವಿಜ್ಞಾನ ಸಾಬೀತಾಗಲ್ಲ. ಆದ್ರೆ ಅವನು ಕಿವಿ ಹಿಡಿದು ಅತ್ತಾಗ ನನಗೆ ನೆನಪಾಗಿದ್ದು ಆ ಚೀಟಿ.

ಅದಕ್ಕೆ, ನಿಮ್ಮ ಮನೆಯಲ್ಲಿ ಯಾರಾದ್ರೂ ಬಸುರಿ ಇದ್ರೆ, ಇಷ್ಟು ಮಾಡಿ:

ಹೆರಿಗೆಗೆ ಮುಂಚೆ ಡಾಕ್ಟರ್ ಹತ್ತಿರ ಕೇಳಿ, "ಮೊದಲ ಗಂಟೆಯಲ್ಲೇ ಎದೆಗೆ ಹಾಕ್ತೀರಾ? ಸಿಸೇರಿಯನ್ ಆದ್ರೂ?"

ಆವತ್ತು ಕಾರಿಡಾರಲ್ಲಿ ಚೀಟಿ ಬಂದ್ರೆ, ಜಗಳ ಬೇಡ, ಒಂದೇ ಪ್ರಶ್ನೆ: "ಎದೆಗೆ ಹಾಕಿ ನೋಡಿದ್ರಾ ಸಿಸ್ಟರ್? ಡಬ್ಬಿ ಯಾಕೆ ಬೇಕು ಅಂತ ಡಾಕ್ಟರ್ ಹೇಳಿದ್ರಾ?" ಡಾಕ್ಟರ್ ಕಾರಣ ಹೇಳಿದ್ರೆ ಕೇಳಿ, ಮರು ಮಾತಿಲ್ಲ.

ಮಗು ಚೀಪೋಕೆ ಆಗದಿದ್ರೆ ಗಿಣ್ಣನ್ನ ಕೈಯಲ್ಲೇ ಹಿಂಡಿ ಶುಚಿಯಾದ ಒಳಲೆಯಲ್ಲಿ ಕೊಡಬಹುದು. ಆಸ್ಪತ್ರೆಯವರು ಪಾಲಡೈ ಅನ್ನೋದು ಹೆಚ್ಚುಕಡಿಮೆ ನಮ್ಮ ಒಳಲೆಯನ್ನೇ. ತಪ್ಪು ಯಾವತ್ತೂ ಒಳಲೆಯದ್ದಲ್ಲ, ಅದರೊಳಗೆ ಹಾಕಿದ್ದರದ್ದು.

ಅಜ್ಜಿಗೆ ಬೈಬೇಡಿ. ಅಜ್ಜಿಗೆ ಕೆಲಸ ಕೊಡಿ. ದಿಂಬು ಇಡೋದು, ತಲೆ ಹಿಡಿಯೋದು, ಬಂದ ನೆಂಟರಿಗೆ ಕೈ ತೊಳೆಸೋದು. ನಮ್ಮಜ್ಜಿ ಈಗ ಬೀದಿಯಲ್ಲಿ ಯಾರು ಹೆತ್ತರೂ ಹೋಗಿ ಹೇಳೋದು ಒಂದೇ ಮಾತು: "ಹಸುವಿಗೆ ಇರೋ ಬುದ್ಧಿ ನಮಗೆ ಇರಲಿಲ್ಲ ಕಣೇ. ಮೊದಲು ಕೂಸಿಗೆ ಕುಡಿಸು."

ಈ ಸರಣಿ ಸೇವ್ ಮಾಡಿಟ್ಟುಕೊಂಡು ಮರೀಬೇಡಿ. ಯಾರ ಮನೆಯಲ್ಲಿ ಬಸುರಿ ಇದ್ದಾರೋ ಅವರ ಗಂಡನಿಗೆ ಕಳಿಸಿ. ಚೀಟಿ ಕೈಗೆ ಬರೋದು ಅವನಿಗೇ.

#ಮೊದಲಹಾಲು #ಮೊದಲಗಂಟೆ #ಗಿಣ್ಣುಚೆಲ್ಲಬೇಡಿ